ಕೆಂಪು ಶಾಯಿಯ ಖರಹರಪ್ರಿಯ

ಕುಡಿಯುವ ಚಟ ಇರುವವರಿಗೆ ಊರಿನಲ್ಲಿ ಸ್ವಲ್ಪ ಕನಿಕರವಾದರೂ ಸಿಗುತ್ತದೆ. ತಿದ್ದುವ ಚಟ ಇರುವವನಿಗೆ ಅದೂ ಇಲ್ಲ. ನನಗಿರುವುದು ಈ ಎರಡನೆಯದು. ಮದುವೆಯ ಕರೆಯೋಲೆ ಕೈಗೆ ಬಂದರೆ ಗಂಡು ಯಾರು ಹೆಣ್ಣು ಯಾರು ಎಂದು ನೋಡುವ ಮೊದಲು ಅದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತೇನೆ. ನನ್ನ ಹೆಂಡತಿ ಶಾರದೆ ಬರೆದುಕೊಟ್ಟ ದಿನಸಿ ಚೀಟಿಯನ್ನು ಅಂಗಡಿಯ ಕಟ್ಟೆಯ ಮೇಲೆ ಕೂತು ಕ್ರಮಪ್ರಕಾರ ಮರುಬರೆದು, ಕೊನೆಗೆ ಉಪ್ಪನ್ನೇ ಬಿಟ್ಟು ಬಂದವನು ನಾನು. ಒಮ್ಮೆ ಕಿಗ್ಗದ ಹತ್ತಿರ ನೆಂಟರ ಮನೆಯ ಶ್ರಾದ್ಧಕ್ಕೆ ಹೋಗಿದ್ದಾಗ ಪುರೋಹಿತರು ಯಜಮಾನರ ಮುತ್ತಜ್ಜನ ಹೆಸರು ಹೇಳಿದ್ದನ್ನು ನಡುವೆ ಬಾಯಿ ಹಾಕಿ ತಿದ್ದಿದೆ. ಅವರು ಹೇಳಿದ್ದೇ ಸರಿ ಇತ್ತು. ನಾನು ಹೇಳಿದ್ದು ಆ ಮನೆಯವರು ಮೂರು ತಲೆಮಾರಿನಿಂದ ವ್ಯಾಜ್ಯ ನಡೆಸುತ್ತಿರುವ ದಾಯಾದಿಯ ಹೆಸರು. ಆಮೇಲೆ ಆ ಮನೆಯ ಊಟದ ಎಲೆ ನನಗೆ ಸಿಕ್ಕಿಲ್ಲ.

ಚಟ ಹುಟ್ಟಿದ್ದು ಕಚೇರಿಯಲ್ಲಿ. ಮೂವತ್ತು ವರ್ಷದಿಂದ ನಾನು ಜಮೀನಿನ ದಾಖಲೆ ಇಡುವ ಕಚೇರಿಗಳಲ್ಲಿ ಗುಮಾಸ್ತ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಕುರ್ಚಿ ಬಿಸಿ ಮಾಡಿದ್ದೇನೆ. ಈ ಪ್ರಸಂಗ ನಡೆದದ್ದು ಯಾವ ಕಚೇರಿಯಲ್ಲಿ ಎಂದು ಮಾತ್ರ ಕೇಳಬೇಡಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನಾನು ಅಲ್ಲಿ ಹೋಗಿ ಹಾಜರಿ ಹಾಕಬೇಕು. ಕಿರಿಯರು ಬರೆದ ಟಿಪ್ಪಣಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ಒಂದು ಚಿಕ್ಕ ಸಹಿ ಹಾಕುವುದು ನನ್ನ ಕೆಲಸ. ತಪ್ಪಿಲ್ಲದ ಟಿಪ್ಪಣಿ ಬಂದರೆ ನನಗೆ ಅವಮಾನವಾದ ಹಾಗೆ ಆಗುತ್ತದೆ. ಅದರಲ್ಲೂ ಒಂದು ಪದವನ್ನಾದರೂ ಆಚೆಯಿಂದ ಈಚೆಗೆ ತಂದು ಕೂರಿಸಿದರೇ ಮಧ್ಯಾಹ್ನದ ಊಟ ಸೇರುವುದು.

ಇಂಥ ನನಗೆ ಸಂಗೀತದ ಕಂಟಕ ಬಂದದ್ದು ಸ್ವಾತಂತ್ರ್ಯ ದಿನದ ನೆಪದಲ್ಲಿ. ಹಿಂದಿನ ವರ್ಷ ನಾವು ಧ್ವಜಾರೋಹಣದ ಹಾಡನ್ನು ಸಹೋದ್ಯೋಗಿಯೊಬ್ಬನ ಫೋನಿನಿಂದ ಧ್ವನಿವರ್ಧಕಕ್ಕೆ ಕೊಟ್ಟಿದ್ದೆವು. ಎರಡನೇ ಚರಣದಲ್ಲಿ ಅವನ ಭಾವನ ಕರೆ ಬಂತು. ಅವನು ಗಾಬರಿಯಲ್ಲಿ ಅದನ್ನು ಕಟ್ ಮಾಡುವ ಬದಲು ಎತ್ತಿಬಿಟ್ಟ. "ಎಂತ ಮಾರಾಯ, ಎಮ್ಮೆ ಗಬ್ಬ ನಿಂತ್ತನಾ?" ಎಂಬ ಪ್ರಶ್ನೆ ಇಡೀ ಮೈದಾನಕ್ಕೆ ಕೇಳಿಸಿತು. ಧ್ವಜದ ಕೆಳಗೆ ಎಲ್ಲರೂ ನೆಟ್ಟಗೆ ನಿಂತಿದ್ದರಿಂದ ನಗುವ ಹಾಗೂ ಇರಲಿಲ್ಲ. ನಮ್ಮ ಕಚೇರಿಯ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುವವರು, ಆಗ ಹೊಸದಾಗಿ ಬಂದಿದ್ದರು. ಈ ವರ್ಷ ಫೋನೂ ಬೇಡ ಭಾವನೂ ಬೇಡ, ಸಿಬ್ಬಂದಿಯೇ ಹಾಡಬೇಕು, ವಾದ್ಯವೂ ಎದುರಿಗೇ ನುಡಿಯಬೇಕು ಎಂದು ಅಪ್ಪಣೆ ಮಾಡಿದರು. ಹಾಡನ್ನು ಅವರೇ ಬರೆದಿದ್ದರು. ಅದರಲ್ಲಿ ನಮ್ಮ ಹೊಳೆಗಳು, ಗುಡ್ಡಗಳು, ಹರಿಹರಪುರದ ಮಠ, ಸೀತೂರಿನ ಗದ್ದೆ ಎಲ್ಲವೂ ಬಂದಿದ್ದವು. ಪ್ರಾಸಕ್ಕೆ ಒಗ್ಗದ ಊರುಗಳಿಗೆ ಮಾತ್ರ ಅನ್ಯಾಯವಾಗಿತ್ತು. ರಾಗ ಹಾಕಿದವರು ಮೈಸೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುವ ಅವರ ಸೋದರಮಾವ. ಅವರು ಕೀಬೋರ್ಡಿಗೆ ಒಂದು, ಕ್ಲಾರಿನೆಟ್ಟಿಗೆ ಒಂದು, ಎರಡು ಹಾಳೆ ನೋಟೇಶನ್ ಬರೆದು ಫೋನಿಗೆ ಕಳಿಸಿದ್ದರು.

"ನೋಟೇಶನ್ ಓದೋಕೆ ಯಾರಿಗ್ರೀ ಬರುತ್ತೆ?" ಎಂದು ಮೇಡಂ ಸಭೆಯಲ್ಲಿ ಕೇಳಿದರು. ಕೈ ಎತ್ತಿದೆ. ನಾನು ಶನಿವಾರದ ಭಜನೆಗೆ ಹಾರ್ಮೋನಿಯಂ ಬಾರಿಸುವವನು. ಸರಿಗಮ ಬರೆದುಕೊಟ್ಟರೆ ತಡವರಿಸಿಕೊಂಡು ನುಡಿಸುತ್ತೇನೆ. ನೋಟೇಶನ್ ಎಂದರೆ ಅದೇ ತಾನೆ ಎಂಬ ಧೈರ್ಯ. ಹಾಳೆ ನೋಡಿದ ಮೇಲೆ ಕೈ ಇಳಿಸಬೇಕೆನಿಸಿತು, ಆದರೆ ಅಷ್ಟರಲ್ಲಿ ಸಭೆಯ ನಡಾವಳಿಯಲ್ಲಿ ನನ್ನ ಹೆಸರು ಬಿದ್ದಾಗಿತ್ತು. ಐದೈದು ಗೆರೆಗಳ ಮೇಲೆ ಬಾಲ ಬಂದ ಕರಿ ಚುಕ್ಕೆಗಳು, ಸಕ್ಕರೆ ಡಬ್ಬಕ್ಕೆ ಇರುವೆ ಹತ್ತಿದ ಹಾಗೆ. ಒಂದೇ ಒಂದು ಸ ಇಲ್ಲ, ರಿ ಇಲ್ಲ.

ಫೋನಿನಲ್ಲಿ ಪಾಠ ಹಾಕಿಕೊಂಡು ಮೂರು ದಿನ ಕೂತೆ. ಸಾಲಿನ ಆರಂಭದಲ್ಲೇ ಕೆಲವು ಗುರುತು ಇಟ್ಟಿರುತ್ತಾರೆ, ಅದಕ್ಕೆ ಕೀ ಸಿಗ್ನೇಚರ್ ಎಂದು ಹೆಸರು. ಏಣಿಯ ತುಂಡಿನ ಹಾಗಿರುವುದು ಶಾರ್ಪ್, ಅದು ಸ್ವರವನ್ನು ಅರ್ಧ ಮನೆ ಏರಿಸುತ್ತದೆ. ಹೊಟ್ಟೆ ಬಂದ ಇಂಗ್ಲಿಷ್ ಬಿ ಅಕ್ಷರದಂತಿರುವುದು ಫ್ಲಾಟ್, ಅದು ಅರ್ಧ ಮನೆ ಇಳಿಸುತ್ತದೆ. ಗುರುತು ಯಾವ ಗೆರೆಯ ಮೇಲೆ ಕೂತಿದೆಯೋ ಆ ಸ್ವರ ಹಾಡಿನುದ್ದಕ್ಕೂ ಹಾಗೆಯೇ. ಪ್ರತಿ ಸಲ ಜ್ಞಾಪಿಸುವುದಿಲ್ಲ, ನೀವೇ ನೆನಪಿಟ್ಟುಕೊಳ್ಳಬೇಕು. ಇದು ಸುತ್ತೋಲೆ ಎಂದುಕೊಂಡೆ. ನಡುವೆ ಯಾವುದೋ ಒಂದು ಚುಕ್ಕೆಯ ಪಕ್ಕದಲ್ಲೇ ಗುರುತು ಬಂದರೆ ಅದು ಆಕ್ಸಿಡೆಂಟಲ್. ಅದರ ಅಧಿಕಾರ ಐದೂ ಗೆರೆಗಳನ್ನು ಕತ್ತರಿಸಿ ನಿಲ್ಲುವ ಮುಂದಿನ ಅಡ್ಡಗೆರೆಯವರೆಗೆ ಮಾತ್ರ, ಆಚೆಗೆ ಮತ್ತೆ ಹಳೆಯ ಸುತ್ತೋಲೆಯೇ ಊರ್ಜಿತ. ಇದು ತಾತ್ಕಾಲಿಕ ಆದೇಶ. ಇನ್ನು ನ್ಯಾಚುರಲ್ ಎಂಬ ಮೂರನೇ ಗುರುತೊಂದಿದೆ. ಅದು ಬಂದರೆ ಏರಿಸಿದ್ದು ಇಳಿಸಿದ್ದು ಎಲ್ಲ ಆ ಅಡ್ಡಗೆರೆಯವರೆಗೆ ರದ್ದು, ಸ್ವರ ಮೂಲಸ್ಥಿತಿಗೆ. ಪರದೇಶದವರು ಇಷ್ಟು ಚೆನ್ನಾಗಿ ಕಚೇರಿ ನಡೆಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ವ್ಯತ್ಯಾಸ ಒಂದೇ, ಅವರಲ್ಲಿ ರದ್ದು ಎಂದು ಬರೆದ ಕ್ಷಣವೇ ರದ್ದಾಗುತ್ತದೆ.

ನನ್ನ ಹಾಳೆಯಲ್ಲಿ ಸುತ್ತೋಲೆ ಒಂದೇ: ಮೂರನೇ ಗೆರೆಯ ಮೇಲೆ ಒಂದು ಫ್ಲಾಟ್. ಷಡ್ಜ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯಲ್ಲಿ, ಉಳಿದದ್ದು ನಮ್ಮ ಹಳೆಯ ಶಂಕರಾಭರಣ. ಬಾರಿಸಿದೆ, ಬಂತು. ಶಾರದೆ ಅಡುಗೆಮನೆಯಿಂದ, "ಪರವಾಗಿಲ್ಲ, ಈ ಸಲ ಯಾವ ರಾಗ ಅಂತ ಗೊತ್ತಾಗ್ತದೆ" ಎಂದಳು. ಅವಳು ಶೃಂಗೇರಿಯಲ್ಲಿ ಒಬ್ಬ ವಿದ್ವಾಂಸರ ಹತ್ತಿರ ಆರು ವರ್ಷ ಹಾಡು ಕಲಿತವಳು. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ನನ್ನ ಹಾರ್ಮೋನಿಯಂ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು ಅದು. ನನ್ನ ತಲೆ ತಿರುಗಿತು.

ಕ್ಲಾರಿನೆಟ್ಟಿಗೆ ಗೊತ್ತಾದವರು ಸೋಮಣ್ಣ ಮಾಸ್ಟರು. ಪೊಲೀಸ್ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಊದಿ, ಊರಿಗೆ ಬಂದು ಸ್ವಂತ ಬ್ಯಾಂಡ್‌ಸೆಟ್ ಕಟ್ಟಿದವರು. ಮದುವೆ ಮನೆಗಳಿಗೆ ಡಿಜೆ ಬಂದ ಮೇಲೆ ಸೆಟ್ಟು ಕರಗಿ ಈಗ ಅವರೊಬ್ಬರೇ ಉಳಿದಿದ್ದಾರೆ. ಎಷ್ಟೋ ವರ್ಷದ ಮೇಲೆ ಸಿಕ್ಕಿದ ಕರೆ, ಹಿತ್ತಾಳೆ ಗುಂಡಿಯ ಬಿಳಿ ಕೋಟನ್ನು ಇಸ್ತ್ರಿಗೆ ಕೊಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದರು. ಅವರು ನನಗೆ ಸಂಗೀತಕ್ಕಿಂತ ಮೊದಲು ಕಡತದಿಂದ ಪರಿಚಯ. ನಮ್ಮ ದಾಖಲೆಯ ಪ್ರಕಾರ ಅವರ ಮನೆ ಮತ್ತು ಹಿತ್ತಿಲು ಒಂದು ಕೆರೆ. ಹಳೆಯ ಪುಸ್ತಕದಿಂದ ಕಂಪ್ಯೂಟರಿಗೆ ಹತ್ತಿಸುವ ಕಾಲದಲ್ಲಿ ಯಾರೋ ಒಂದು ಸಾಲು ತಪ್ಪಿ, ಪಕ್ಕದ ಕೆರೆಯನ್ನು ತಂದು ಇವರ ಮನೆಗೆ ಹಾಕಿದ್ದಾರೆ. ಹನ್ನೊಂದು ವರ್ಷದಿಂದ ಅದನ್ನು ತಿದ್ದಿಸಲು ಅಲೆಯುತ್ತಿದ್ದಾರೆ. ಮನೆಯ ಹಿಂದಿನ ಗೋಡೆ ಬಿರುಕು ಬಿಟ್ಟಿದೆ, ಹೊಸದು ಕಟ್ಟಲು ಪಂಚಾಯಿತಿಯವರು ಒಪ್ಪುವುದಿಲ್ಲ. ಕೆರೆಯೊಳಗೆ ಗೋಡೆ ಕಟ್ಟಲು ಯಾರು ಒಪ್ಪುತ್ತಾರೆ? ಅವರು ತಿಂಗಳಿಗೊಮ್ಮೆ ಬಂದು ನನ್ನ ಮೇಜಿನ ಎದುರು ನಿಲ್ಲುತ್ತಾರೆ. ನಾನು ಬಹಳ ಮರ್ಯಾದೆಯಿಂದ "ಪರಿಶೀಲನೆಯಲ್ಲಿದೆ ಮಾಸ್ಟ್ರೇ" ಎನ್ನುತ್ತೇನೆ. ಅವರು ಹೂಂ ಎಂದು ಹೋಗುತ್ತಾರೆ.

ಅವರ ಹಾಳೆಯನ್ನು ಕಚೇರಿಯ ಪ್ರಿಂಟರಿನಲ್ಲಿ ತೆಗೆದು ನನ್ನದರ ಪಕ್ಕ ಇಟ್ಟೆ. ತಾಳೆ ನೋಡದೆ ಕಾಗದ ಮುಂದೆ ಕಳಿಸುವುದು ನನ್ನ ಜಾಯಮಾನದಲ್ಲಿಲ್ಲ. ನೋಡಿದರೆ, ಏನು ಹೇಳಲಿ, ನನ್ನ ಹಾಳೆಯಲ್ಲಿ ಮೂರನೇ ಗೆರೆಯ ಮೇಲೆ ಫ್ಲಾಟ್ ಇದ್ದರೆ ಅವರ ಹಾಳೆಯಲ್ಲಿ ಐದನೇ ಗೆರೆಯ ಮೇಲೆ ಶಾರ್ಪ್. ಒಂದೇ ಹಾಡು, ಎರಡು ಸುತ್ತೋಲೆ. ಮೈಸೂರಿನ ಸೋದರಮಾವನಿಗೆ ವಯಸ್ಸಾಗಿದೆ ಎಂದುಕೊಂಡೆ. ಮೈಯೆಲ್ಲ ಒಂದು ಬಗೆಯ ಸಂತೋಷ ಹರಡಿತು. ಕೆಂಪು ಪೆನ್ನು ತೆಗೆದು ಪ್ರತಿ ಸಾಲಿನ ಆರಂಭದಲ್ಲೂ ಶಾರ್ಪನ್ನು ಹೊಡೆದು, ಮೂರನೇ ಗೆರೆಯ ಮೇಲೆ ಅಂದವಾದ ಫ್ಲಾಟ್ ಬರೆದು, ಕೆಳಗೆ ಚಿಕ್ಕ ಸಹಿ ಹಾಕಿದೆ. ಅವರ ಹಾಳೆಯಲ್ಲಿ ಚುಕ್ಕೆಗಳೂ ನನ್ನದಕ್ಕಿಂತ ಒಂದೊಂದು ಮೆಟ್ಟಿಲು ಮೇಲಿದ್ದವು. ಅವನ್ನೂ ಇಳಿಸುವ ಮನಸ್ಸಿತ್ತು, ಊಟದ ಹೊತ್ತಾಯಿತೆಂದು ಬಿಟ್ಟೆ. ಹಾಳೆಯನ್ನು ಆ ಕಡೆಯ ಬಸ್ಸಿನ ಕಂಡಕ್ಟರ್ ಕೈಲಿ ಮಾಸ್ಟರಿಗೆ ಕಳಿಸಿದೆ.

ಮಂಗಳವಾರ ಕಚೇರಿಯ ಸಭಾಂಗಣದಲ್ಲಿ ಅಭ್ಯಾಸ. ಹಾಡಲು ಆರು ಜನ ಸಿಬ್ಬಂದಿ, ಕೀಬೋರ್ಡಿಗೆ ನಾನು, ಪಕ್ಕದಲ್ಲಿ ಮಾಸ್ಟರು. ಹಾಡು ಎದ್ದಿತು. ಷಡ್ಜ ಸೇರಿತು, ಪಂಚಮ ಸೇರಿತು. ಗಾಂಧಾರ ಬಂದ ಕಡೆ ಮಾತ್ರ ನಾನು ನಗುತ್ತಿದ್ದರೆ ಕ್ಲಾರಿನೆಟ್ ಅಳುತ್ತಿತ್ತು. ನಿಷಾದಕ್ಕೂ ಅದೇ ಗತಿ. ಹಾಡುವವರಲ್ಲಿ ಮೂವರು ನನ್ನ ಕಡೆ ಬಂದರು, ಇಬ್ಬರು ಅವರ ಕಡೆ ಹೋದರು, ಒಬ್ಬಾಕೆ ಬಾಯಿ ಮಾತ್ರ ಆಡಿಸುತ್ತ ಸ್ವರ ನಿಲ್ಲಿಸಿದಳು. ಮೇಡಂ ಕೈ ಎತ್ತಿ ತಡೆದರು.

"ಏನ್ರೀ ಇದು, ಯಾರದೋ ಹೆಣ ಎತ್ತಿದ ಹಾಗಿದೆ. ತಪ್ತಿರೋದು ಯಾರು?"

"ನನ್ನದು ಹಾಳೆಯಲ್ಲಿ ಇದ್ದ ಹಾಗೇ ಇದೆ ಮೇಡಂ," ಎಂದೆ ನಾನು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕ್ಲಾರಿನೆಟ್ ಸ್ವಲ್ಪ ಹಳೇದು, ಮಾಸ್ಟರಿಗೂ ಅಭ್ಯಾಸ ತಪ್ಪಿ ಬಹಳ ವರ್ಷ ಆಯ್ತಲ್ಲ."

ಮಾಸ್ಟರು ನನ್ನನ್ನು ನೋಡಿದರು. "ನಾನೂ ಕಾಗದದಲ್ಲಿ ಇದ್ದ ಹಂಗೇ ನುಡಿಸ್ತಿದೀನಿ ಮೇಡಂ," ಎಂದರು. ಮತ್ತೆರಡು ಸಲ ಪ್ರಯತ್ನವಾಯಿತು, ಮತ್ತೆರಡು ಹೆಣ ಎದ್ದವು. ಕೊನೆಗೆ ಮೇಡಂ, "ಹೋಗ್ಲಿ ಬಿಡಿ, ಕ್ಲಾರಿನೆಟ್ ಬೇಡ, ಕೀಬೋರ್ಡ್ ಒಂದೇ ಸಾಕು" ಎಂದು ಎದ್ದರು. ಮಾಸ್ಟರು ಕ್ಲಾರಿನೆಟ್ಟನ್ನು ಒಂದೊಂದೇ ತುಂಡಾಗಿ ಬಿಚ್ಚಿ, ಪ್ರತಿ ತುಂಡನ್ನೂ ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳ ಹಾಕಿದರು. ಹೋಗುವಾಗ ಹಾಳೆಯನ್ನು ಮಡಚಿ ನನ್ನ ಕೀಬೋರ್ಡಿನ ಮೇಲೆ ಇಟ್ಟರು. ನನಗೆ ನಿಜಕ್ಕೂ ಪಾಪ ಎನಿಸಿತು. ವಯಸ್ಸಾದವರ ಕಿವಿ ಹೀಗಾಗುತ್ತದೆ ಎಂದು ಉಳಿದವರಿಗೆ ಸಮಾಧಾನ ಹೇಳಿದೆ.

ಮರುದಿನ ಬೆಳಿಗ್ಗೆ, ಪಾಪ ಅವರು ಎಲ್ಲಿ ತಪ್ಪಿರಬಹುದು ನೋಡೋಣ ಎಂಬ ದೊಡ್ಡ ಮನಸ್ಸಿನಿಂದ, ಅವರ ಹಾಳೆ ಇಟ್ಟುಕೊಂಡು ಹಾರ್ಮೋನಿಯಂ ಬಾರಿಸಿದೆ. ಶಾರದೆ ದೋಸೆ ಹುಯ್ಯುತ್ತಿದ್ದಳು.

"ಎಂತ, ಹಾಡು ಖರಹರಪ್ರಿಯಕ್ಕೆ ಬದಲಾಯ್ತನಾ?" ಎಂದಳು.

"ಖರಹರಪ್ರಿಯ ಎಲ್ಲಿಂದ ಬಂತು? ಶಂಕರಾಭರಣ ಅಲ್ವಾ?"

"ನೀವು ಬಾರಿಸ್ತಿರೋದು ಖರಹರಪ್ರಿಯ. ಗಾಂಧಾರ, ನಿಷಾದ ಎರಡೂ ಅರ್ಧ ಮನೆ ಕೆಳಗೆ ಬಿದ್ದೋಗಿದೆ."

ಫೋನಿನಲ್ಲಿ ತಿದ್ದದ ಮೂಲ ಪ್ರತಿ ಇತ್ತು. ಅದನ್ನು ನೋಡಿ ಬಾರಿಸಿದೆ. ಶಾರದೆ ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಈಗ ಶಂಕರಾಭರಣ. ಅದೇ ಹಾಡು, ಒಂದು ಮನೆ ಮೇಲಿಂದ, ಅಷ್ಟೆ. ಅವರ ವಾದ್ಯದ ಷಡ್ಜ ಕೆಳಗಿರ್ಬೇಕು, ಅದಕ್ಕೆ ಮೇಲೆ ಬರ್ದಿದ್ದಾರೆ. ಊದಿದ್ರೆ ನಿಮ್ಮ ಶ್ರುತಿಗೇ ಬಂದು ಕೂರ್ತದೆ." ಆಮೇಲೆ ಹಾಳೆ ನೋಡಿದಳು. "ಇದು ಎಂತದು ಕೆಂಪಿದು?"

ನಾನು ಏನೂ ಹೇಳಬೇಕಾಗಿರಲಿಲ್ಲ, ಕೆಳಗೆ ಸಹಿ ಇತ್ತು. ಫೋನಿನಲ್ಲಿ ಹುಡುಕಿದರೆ ಎರಡೇ ನಿಮಿಷಕ್ಕೆ ಸಿಕ್ಕಿತು: ಆ ಬಗೆಯ ಕ್ಲಾರಿನೆಟ್ಟಿಗೆ ಎಲ್ಲವನ್ನೂ ಒಂದು ಮನೆ ಏರಿಸಿ ಬರೆಯುತ್ತಾರೆ, ಹಾಗಾಗಿ ಅದರ ಸುತ್ತೋಲೆಯೂ ಬೇರೆ. ತಿದ್ದುವ ಮೊದಲು ಹುಡುಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಿದ್ದುವವರು ಯಾರೂ ಹಾಗೆ ಮಾಡುವುದಿಲ್ಲ. "ಆ ಮನುಷ್ಯನ ಮರ್ಯಾದೆ ಎಲ್ಲರೆದುರು ತೆಗೆದ್ರಿ," ಎಂದು ಶಾರದೆ ದೋಸೆಯನ್ನು ನನ್ನ ತಟ್ಟೆಗೆ ಹಾಕಿ ಒಳಗೆ ಹೋದಳು. ಚಟ್ನಿ ಹಾಕಲಿಲ್ಲ.

ಅರ್ಧ ದಿನ ರಜೆ ಬರೆದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳುವುದು ಎಂದು ಮನಸ್ಸಿನಲ್ಲಿ ಕರಡು ತಯಾರಿಸಿದೆ. ಆಗ ಗೊತ್ತಾಯಿತು ನೋಡಿ, ಮೂವತ್ತು ವರ್ಷದಲ್ಲಿ ನಾನು ಬರೆದ ಸಾವಿರಾರು ಟಿಪ್ಪಣಿಗಳಲ್ಲಿ 'ನಾನು' ಎಂಬ ಪದ ಒಂದು ಸಲವೂ ಇಲ್ಲ. ನಮ್ಮಲ್ಲಿ ಯಾರೂ ತಪ್ಪು ಮಾಡುವುದಿಲ್ಲ, ಲೋಪ ಕಂಡುಬರುತ್ತದೆ. ಯಾರೂ ತಡ ಮಾಡುವುದಿಲ್ಲ, ವಿಳಂಬ ಉಂಟಾಗಿರುತ್ತದೆ. ಬಾಯಲ್ಲಿ ಹೇಳಿಕೊಂಡು ನೋಡಿದೆ, 'ನಾನು ತಪ್ಪು ಮಾಡಿದೆ.' ಪಕ್ಕದಲ್ಲಿ ಕೂತ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

ಹರಿಹರಪುರ ದಾಟಿ ಎರಡನೇ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಮಾಸ್ಟರ ಮನೆ, ಅಂದರೆ ನಮ್ಮ ಕೆರೆ. ಹಿಂದಿನ ಗೋಡೆಗೆ ಸೀಳಿದ ಅಡಿಕೆ ಮರದ ನಾಲ್ಕು ದಬ್ಬೆ ಒತ್ತು ಕೊಟ್ಟು ನಿಲ್ಲಿಸಿದ್ದರು. ಹನ್ನೊಂದು ವರ್ಷದಲ್ಲಿ ಆ ಗೋಡೆಯ ವಿಷಯ ಅವರ ಅರ್ಜಿಯಲ್ಲಿ ಎಷ್ಟೋ ಸಲ ಓದಿದ್ದೆ, ನೋಡಿದ್ದು ಅದೇ ಮೊದಲು. ಮಾಸ್ಟರು ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಅವರ ಹೆಂಡತಿ ಕಾಫಿ ತಂದಿಟ್ಟರು. ಗೋಡೆಯ ಮೊಳೆಗೆ ಹಿತ್ತಾಳೆ ಗುಂಡಿಯ ಬಿಳಿ ಕೋಟು ಇಸ್ತ್ರಿಯಾಗಿ ತೂಗುತ್ತಿತ್ತು.

"ಮಾಸ್ಟ್ರೇ, ಆ ಹಾಳೆಯ ಪ್ರತಿಯಲ್ಲಿ ಒಂದು ಲೋಪ ಕಂಡುಬಂದಿದೆ," ಎಂದೆ. ಬಸ್ಸಿನಲ್ಲಿ ಮಾಡಿದ ಅಭ್ಯಾಸವೆಲ್ಲ ವ್ಯರ್ಥ.

"ಗೊತ್ತು ಸಾರ್," ಎಂದರು. "ಶಾರ್ಪ್ ಹೊಡೆದು ಫ್ಲಾಟ್ ಹಾಕಿದೀರಿ. ಕಂಡಕ್ಟರ್ ಕೈಯಿಂದ ಇಸ್ಕೊಂಡ ಕೂಡ್ಲೆ ಗೊತ್ತಾಯ್ತು."

"ಗೊತ್ತಿದ್ದೂ ಹಾಗೇ ನುಡಿಸಿದ್ರಾ? ಮೇಡಂ ಎದುರು ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ್ರೇ."

ಮಾಸ್ಟರು ಕಾಫಿ ಲೋಟ ಕೆಳಗಿಟ್ಟರು. "ಆ ಕೆಂಪು ಶಾಯಿ, ಆ ಸಣ್ಣ ಸಹಿ ನಂಗೆ ಹೊಸದಲ್ಲ ಸಾರ್. ಅದ್ರಲ್ಲಿ ತಿದ್ದಿದ್ದನ್ನ ವಾಪಸ್ ತಿದ್ಸೋದು ನನ್ನ ಕೈಲಾಗೋ ಕೆಲ್ಸ ಅಲ್ಲ. ಇನ್ನು, ನನ್ನ ಫೈಲು ನಿಮ್ಮ ಟೇಬಲ್ ಮೇಲಿದೆ. ಮೇಡಂ ಎದುರು ನಿಮ್ಮದೇ ತಪ್ಪು ಅಂತ ತೋರ್ಸಿ ನಾನು ಎಲ್ಲಿಗೆ ಹೋಗ್ಲಿ? ಬರ್ದಿದ್ದನ್ನ ನುಡಿಸ್ದೆ."

ನಾಚಿಕೆಯಾಯಿತು ಎಂದು ಬರೆದರೆ ಅದು ಟಿಪ್ಪಣಿಯ ಭಾಷೆಯಾಗುತ್ತದೆ. ಅಲ್ಲಿಂದ ಎದ್ದು ಓಡಬೇಕೆನಿಸಿತು. "ಶುಕ್ರವಾರ ಬನ್ನಿ ಮಾಸ್ಟ್ರೇ, ಕೋಟು ಹಾಕ್ಕೊಂಡೇ ಬನ್ನಿ. ಮೇಡಂಗೆ ನಾನು ಹೇಳ್ತೇನೆ," ಎಂದೆ. ಮೇಡಂಗೆ ಹೇಳಿದೆ ಕೂಡ: ಪ್ರತಿಯಲ್ಲಿ ಲೋಪವಿತ್ತು, ಸರಿಪಡಿಸಲಾಗಿದೆ. ಯಾರು ಮಾಡಿದ ಲೋಪ ಎಂದು ಮೇಡಂ ಕೇಳಲಿಲ್ಲ. ಅವರೂ ನಮ್ಮ ಇಲಾಖೆಯವರೇ.

ಸ್ವಾತಂತ್ರ್ಯ ದಿನ ಮಾಸ್ಟರು ಬಿಳಿ ಕೋಟಿನಲ್ಲಿ ಬಂದರು. ಮೂಲ ಪ್ರತಿ ಇಟ್ಟುಕೊಂಡು ಊದಿದರು. ಶಂಕರಾಭರಣ ಎಂದರೆ ಏನೆಂದು ಮೈದಾನಕ್ಕೆಲ್ಲ ತಿಳಿಯಿತು. ಮೂರನೇ ಚರಣದಲ್ಲಿ ನನ್ನ ಹಾಳೆಯಲ್ಲಿ ಒಂದೇ ಒಂದು ನ್ಯಾಚುರಲ್ ಇತ್ತು. ಶುದ್ಧ ಮಧ್ಯಮವನ್ನು ಮುಂದಿನ ಅಡ್ಡಗೆರೆಯ ಮಟ್ಟಿಗೆ ರದ್ದು ಮಾಡಿ ಅದರ ಅರ್ಧ ಮನೆ ಮೇಲಿನ ಪ್ರತಿ ಮಧ್ಯಮ ಹಿಡಿಯಬೇಕು, ಗೆರೆ ದಾಟಿದ ಕೂಡಲೇ ಬಿಡಬೇಕು. ಹಿಡಿದೆ. ಬಿಡುವುದು ಮರೆತೆ. ಗೆರೆ ದಾಟಿತು, ಇನ್ನೊಂದು ಗೆರೆಯೂ ದಾಟಿತು, ನನ್ನ ತಾತ್ಕಾಲಿಕ ಆದೇಶ ನಡೆದೇ ಇತ್ತು. ಹಾಡುವವರು ನನ್ನ ಹಿಂದೆ ಬೇರೆ ರಾಗಕ್ಕೆ ಇಳಿಯುವುದರಲ್ಲಿದ್ದರು. ಮಾಸ್ಟರು ನನ್ನ ಕಡೆ ಒಂದು ಹೆಜ್ಜೆ ಸರಿದು, ಸರಿಯಾದ ಮಧ್ಯಮವನ್ನು ಎದೆ ತುಂಬ ಊದಿ, ನಾನು ಬೆರಳು ಬದಲಿಸುವವರೆಗೆ ಬಿಡಲಿಲ್ಲ. ಹಾಡು ದಡ ಸೇರಿತು.

ಲಡ್ಡು ಹಂಚುವಾಗ ಮೇಡಂ ಹತ್ತಿರ ಬಂದು, "ಕೀಬೋರ್ಡ್ ಚೆನ್ನಾಗಿತ್ತು. ಕ್ಲಾರಿನೆಟ್ ಮಾತ್ರ ಒಂದು ಕಡೆ ಸ್ವಲ್ಪ ಜೋರಾಯ್ತು ಅಲ್ವಾ?" ಎಂದರು. ಬಾಯಿ ತೆರೆದೆ. "ಕೀಬೋರ್ಡಿನಲ್ಲೂ ಅಲ್ಪ ಲೋಪ ಕಂಡುಬಂದಿತ್ತು ಮೇಡಂ," ಎಂಬಷ್ಟೇ ಹೊರಬಿತ್ತು. ಮಾಸ್ಟರು ಪಕ್ಕದಲ್ಲಿ ನಿಂತು ಲಡ್ಡು ತಿನ್ನುತ್ತಿದ್ದರು. ನಕ್ಕರೋ ಏನೋ, ಮೀಸೆಯಲ್ಲಿ ಗೊತ್ತಾಗಲಿಲ್ಲ.

ಸೋಮವಾರ ಕಚೇರಿಗೆ ಹೋದವನೇ ಕೆರೆಯ ಕಡತ ತೆಗೆಸಿದೆ. ಹನ್ನೊಂದು ವರ್ಷ ಪರಿಶೀಲನೆಯಲ್ಲಿದೆ ಎಂದು ಹೇಳಿದ ಕಡತವನ್ನು ಹಾಳೆ ಹಾಳೆ ತಿರುವಿ ಬುಡದವರೆಗೆ ನೋಡಿದ್ದು ಅಂದೇ. ತಳದಲ್ಲಿ, ಕಂಪ್ಯೂಟರಿಗೆ ಹತ್ತಿಸುವ ಮೊದಲು ತಾಳೆ ನೋಡಿದ ಪಟ್ಟಿಯ ಜೆರಾಕ್ಸ್ ಇತ್ತು, ಮಾಸ್ಟರೇ ಲಗತ್ತಿಸಿದ್ದು. ಬರೆದ ಹುಡುಗಿ ಯಾರೋ, ಅವರ ಜಾಗದ ಎದುರು 'ಮನೆ, ಹಿತ್ತಿಲು' ಎಂದು ಸರಿಯಾಗಿಯೇ ಬರೆದಿದ್ದಳು. ಅದನ್ನು ಒಬ್ಬರು ಹೊಡೆದುಹಾಕಿ, ಮೇಲಿನ ಸಾಲು ನೋಡಿ 'ಕೆರೆ' ಎಂದು ಅಂದವಾಗಿ ತಿದ್ದಿ, ಕೆಳಗೆ ಚಿಕ್ಕ ಸಹಿ ಹಾಕಿದ್ದರು. ಜೆರಾಕ್ಸಿನಲ್ಲಿ ಶಾಯಿಯ ಬಣ್ಣ ಕಾಣುವುದಿಲ್ಲ. ನನಗೆ ಕಾಣಬೇಕಾಗಿಯೂ ಇರಲಿಲ್ಲ.

ಅಂದು ಟಿಪ್ಪಣಿಯನ್ನು ನಾನೇ ಬರೆದೆ. 'ಈ ದಾಖಲೆಯನ್ನು ನಾನು ತಪ್ಪಾಗಿ ತಿದ್ದಿದ್ದೇನೆ, ಮೂಲದಂತೆ ಸರಿಪಡಿಸಬಹುದು' ಎಂದು ಒಂದೇ ವಾಕ್ಯ. ಮೂರು ದಿನದ ಮೇಲೆ ಕಡತ ಶಿರಸ್ತೇದಾರರ ಮೇಜಿನಿಂದ ವಾಪಸು ಬಂತು. 'ನಾನು' ಎಂಬುದರ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ಷರಾ: 'ಟಿಪ್ಪಣಿಯಲ್ಲಿ ಇಂಥ ಪದ ಬಳಸುವ ಪದ್ಧತಿಯಿಲ್ಲ. ತಿದ್ದಿ ಮರುಮಂಡಿಸಿ.' ಕೆಳಗೆ ಚಿಕ್ಕ ಸಹಿ. ಆ ಸಹಿ ಹಾಕುವುದನ್ನು ಅವರಿಗೆ ಕಲಿಸಿದವನು ನಾನೇ, ಅವರು ನನ್ನ ಕೈಕೆಳಗೆ ಇದ್ದ ಕಾಲದಲ್ಲಿ. ತಿದ್ದಿದೆ. 'ಲೋಪ ಕಂಡುಬಂದಿದೆ' ಎಂದು ಬರೆದು ಕಡತವನ್ನು ಮತ್ತೆ ಮುಂದೆ ಕಳಿಸಿದೆ.

ಮೊನ್ನೆ ಮಾಸ್ಟರು ಬಂದಿದ್ದರು. ಎಂದಿನಂತೆ ನನ್ನ ಮೇಜಿನ ಎದುರು ನಿಂತರು. ಈ ಸಲ ಏನಾದರೂ ಬೇರೆ ಹೇಳಬೇಕೆಂದು ಬಹಳ ಪ್ರಯತ್ನಪಟ್ಟೆ. "ಪರಿಶೀಲನೆಯಲ್ಲಿದೆ ಮಾಸ್ಟ್ರೇ," ಎಂದೆ. ಅವರು ಹೂಂ ಎಂದು, ಕ್ಲಾರಿನೆಟ್ಟಿನ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು, ಬಸ್ಸು ಹತ್ತಿ ಕೆರೆಗೆ ಹೋದರು.